ಸಂಪಾದಕರ ಉತ್ತರ: ಆ ಕೋಲಾಟದ ಟೇಪು ಎಲ್ಲಿ ಹೋಯಿತು?

ತಿಪಟೂರಿನ ಹತ್ತಿರದ ಹಳ್ಳಿಯೊಂದರಿಂದ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಹೀಗಿದೆ: "ರಾತ್ರಿ ನಾನು ಟಿವಿ ಮುಂದೆ ಕೂತು ನೋಡುವ ಧಾರಾವಾಹಿಯನ್ನು ನನ್ನ ಸೊಸೆ ಅವತ್ತು ಬೆಳಿಗ್ಗೆಯೇ ಮೊಬೈಲಲ್ಲಿ ನೋಡಿ ಮುಗಿಸಿರುತ್ತಾಳೆ. ಮೊಮ್ಮಗ ಅದರದೇ ಅರ್ಧ ನಿಮಿಷದ ತುಣುಕನ್ನು ಇನ್‌ಸ್ಟಾಗ್ರಾಮಿನಲ್ಲಿ ನೋಡುತ್ತಾನೆ. ಇದೆಲ್ಲ ಹೇಗೆ? ಇನ್ನೊಂದು ವಿಷಯ. 1996ರ ಸಂಕ್ರಾಂತಿಗೆ ಬೆಂಗಳೂರಿನಿಂದ ಟಿವಿಯವರು ವ್ಯಾನಿನಲ್ಲಿ ಬಂದು ನಮ್ಮೂರಿನ ಹೆಣ್ಣುಮಕ್ಕಳ ಕೋಲಾಟ ಚಿತ್ರೀಕರಿಸಿಕೊಂಡು ಹೋದರು. ಆಮೇಲೆ ಟಿವಿಯಲ್ಲೂ ಬಂತು. ಹದಿನಾಲ್ಕು ಜನರ ತಂಡ, ನಮ್ಮ ಅತ್ತೆ ಅದರಲ್ಲಿದ್ದರು. ಈಗ ಎಲ್ಲ ಡಿಜಿಟಲ್ ಅಂತೀರಿ. ಅದು ಮಾತ್ರ ಯಾಕೆ ಎಲ್ಲೂ ಸಿಗಲ್ಲ?"

ಟೀಚರ್, ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ಮೊದಲು ಸೊಸೆಯ ವಿಷಯ ಹೇಳಿಬಿಡುತ್ತೇನೆ, ಅದು ಸುಲಭ.

ಧಾರಾವಾಹಿಯ ಶೂಟಿಂಗ್ ಬೆಂಗಳೂರಿನ ಯಾವುದೋ ಬಾಡಿಗೆ ಮನೆಯಲ್ಲಿ ನಡೆಯುತ್ತದೆ ಅಂದುಕೊಳ್ಳಿ. ಪ್ಯಾಕಪ್ ಆದ ಮೇಲೆ ಕ್ಯಾಮೆರಾದಿಂದ ಈಗ ಕ್ಯಾಸೆಟ್ ಬರುವುದಿಲ್ಲ, ಸಣ್ಣದೊಂದು ಕಾರ್ಡ್ ಬರುತ್ತದೆ. ಒಬ್ಬ ಹುಡುಗ ಅಲ್ಲೇ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅದರಲ್ಲಿರುವುದನ್ನು ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕಿಗೆ ಹಾಕುತ್ತಾನೆ. ಎರಡೂ ಕಾಪಿ ಸರಿ ಇದೆ ಅಂತ ಖಾತ್ರಿಯಾಗುವ ತನಕ ಕಾರ್ಡನ್ನು ಅಳಿಸುವ ಹಾಗಿಲ್ಲ. ಎಡಿಟಿಂಗ್, ಹಿನ್ನೆಲೆ ಸಂಗೀತ, ಬಣ್ಣ ಹೊಂದಿಸುವುದು ಎಲ್ಲ ಮುಗಿದ ಮೇಲೆ ಎಪಿಸೋಡ್ ಒಂದು ಫೈಲಾಗಿ ಚಾನೆಲ್ಲಿಗೆ ಹೋಗುತ್ತದೆ. ಮೊದಲು ಇದೇ ದಾರಿಯನ್ನು ಟೇಪು ರಾತ್ರಿ ಬಸ್ಸಿನಲ್ಲಿ ಕ್ರಮಿಸುತ್ತಿತ್ತು. ಜಿಲ್ಲೆಯ ವರದಿಗಾರರು ಕ್ಯಾಸೆಟ್ಟನ್ನು ಕಂಡಕ್ಟರ್ ಕೈಗೆ ಕೊಟ್ಟು, ಬಸ್ಸಿನ ನಂಬರನ್ನು ಫೋನಿನಲ್ಲಿ ಹೇಳುತ್ತಿದ್ದರು. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಆಫೀಸಿನ ಹುಡುಗ ಆ ಬಸ್ಸಿಗೆ ಕಾಯುತ್ತಿದ್ದ.

ಚಾನೆಲ್ಲಿನಲ್ಲಿ ಫೈಲನ್ನು ಒಳಗೆ ತೆಗೆದುಕೊಳ್ಳುವುದಕ್ಕೆ 'ಇಂಜೆಸ್ಟ್' ಅನ್ನುತ್ತಾರೆ. ಮಧ್ಯದಲ್ಲಿ ಚಿತ್ರ ಕಪ್ಪಾಗಿದೆಯಾ, ಸದ್ದು ಜಾಸ್ತಿಯಾಗಿದೆಯಾ ಎಂದು ಕಂಪ್ಯೂಟರೇ ನೋಡುತ್ತದೆ, ಆಮೇಲೆ ಮನುಷ್ಯರೂ ನೋಡುತ್ತಾರೆ. ನಂತರ ಅದಕ್ಕೆ ಒಂದು ಗುರುತಿನ ನಂಬರ್ ಕೊಟ್ಟು, ಜೊತೆಗೆ ವಿವರ ಬರೆಯುತ್ತಾರೆ. ಯಾವ ಧಾರಾವಾಹಿ, ಎಷ್ಟನೇ ಕಂತು, ಎಷ್ಟು ನಿಮಿಷ, ಜಾಹೀರಾತಿನ ಬ್ರೇಕ್ ಎಲ್ಲೆಲ್ಲಿ, ಯಾವ ದಿನ ಎಷ್ಟು ಗಂಟೆಗೆ ಪ್ರಸಾರ. ಈ ವಿವರಕ್ಕೆ ಮೆಟಾಡೇಟಾ ಅಂತ ಹೆಸರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಉಪ್ಪಿನಕಾಯಿ ಜಾಡಿಯ ಮೇಲೆ ಅಂಟಿಸುವ ಚೀಟಿ. ಈ ಚೀಟಿಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಲ್ಲಿಂದ ಫೈಲು ಎರಡು ದಾರಿ ಹಿಡಿಯುತ್ತದೆ. ಒಂದು ಪ್ಲೇಔಟ್ ಸರ್ವರಿಗೆ. ಅಲ್ಲಿ ಅದು ಸರದಿಯಲ್ಲಿ ಕಾದು, ಹೊತ್ತಿಗೆ ಸರಿಯಾಗಿ ಉಪಗ್ರಹದ ಮೂಲಕ ನಿಮ್ಮ ಮನೆಗೆ ಬರುತ್ತದೆ. ಇನ್ನೊಂದು ಆ್ಯಪ್‌ನ ಸರ್ವರಿಗೆ. ಅಲ್ಲಿ ಅದನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಹಲವು ಗಾತ್ರಗಳಲ್ಲಿ ಸಿದ್ಧ ಮಾಡಿಡುತ್ತಾರೆ. ಸಿಗ್ನಲ್ ಚೆನ್ನಾಗಿದ್ದಾಗ ಮೊಬೈಲು ದೊಡ್ಡ ತುಂಡನ್ನು ಕೇಳಿ ಪಡೆಯುತ್ತದೆ, ಇಲ್ಲದಿದ್ದಾಗ ಚಿಕ್ಕದನ್ನು. ಬಸ್ಸಿನಲ್ಲಿ ಕೂತು ನೋಡುವಾಗ ಚಿತ್ರ ಸ್ವಲ್ಪ ಹೊತ್ತು ಮಸುಕಾಗಿ ಮತ್ತೆ ಸರಿಯಾಗುತ್ತದಲ್ಲ, ಅದರ ಗುಟ್ಟು ಇದೇ.

ಎಪಿಸೋಡು ಚಾನೆಲ್ಲಿನ ಕೈಗೆ ಪ್ರಸಾರದ ಹೊತ್ತಿಗಿಂತ ಮೊದಲೇ ಸಿಕ್ಕಿರುತ್ತದೆ. ಹಾಗಾಗಿ ಆ್ಯಪ್‌ನಲ್ಲಿ ಅದನ್ನು ಬೆಳಿಗ್ಗೆಯೇ ತೋರಿಸಲು ಅಡ್ಡಿ ಏನೂ ಇಲ್ಲ. ಚಂದಾ ಕಟ್ಟಿದವರಿಗೆ 'ಟಿವಿಗಿಂತ ಮೊದಲು' ಎಂದು ಅದನ್ನೇ ಮಾರುತ್ತಾರೆ. ನಿಮ್ಮ ಸೊಸೆ ನೋಡುವುದು ಆ ಫೈಲನ್ನೇ.

ಕನ್ನಡದ ಮನರಂಜನಾ ಚಾನೆಲ್ಲುಗಳ ಹಿಂದಿರುವ ದೊಡ್ಡ ಸಂಸ್ಥೆಗಳೆಲ್ಲ ಈ ದಾರಿಗೆ ಬಂದಿದ್ದು ನಾಲ್ಕೇ ವರ್ಷದಲ್ಲಿ. ಅವರ ಆ್ಯಪ್‌ಗಳು ಬಂದ ಲೆಕ್ಕ ಹೀಗಿದೆ: 2015ರಲ್ಲಿ ಹಾಟ್‌ಸ್ಟಾರ್, 2016ರಲ್ಲಿ ವೂಟ್, 2017ರಲ್ಲಿ ಸನ್ ನೆಕ್ಸ್ಟ್, 2018ರಲ್ಲಿ ಜೀ5. 2022ರ ಆಗಸ್ಟ್‌ನಲ್ಲಿ ಬಿಗ್ ಬಾಸ್ ಕನ್ನಡದ ಓಟಿಟಿ ಸೀಸನ್, ಅಂದರೆ ಇಂಟರ್ನೆಟ್ಟಿನಲ್ಲಿ ನೋಡುವ ಸೀಸನ್, ವೂಟ್‌ಗೆಂದೇ ತಯಾರಾಯಿತು. ಮರುವರ್ಷ ವೂಟ್ ಜಿಯೋಸಿನಿಮಾದಲ್ಲಿ ಸೇರಿತು. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಮತ್ತು ಹಾಟ್‌ಸ್ಟಾರ್ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು.

ಮೊಮ್ಮಗನ ರೀಲ್ಸ್ ವಿಷಯ ಸ್ವಲ್ಪ ಬೇರೆ. ಟಿವಿಯ ಚಿತ್ರ ಅಡ್ಡ, ಮೊಬೈಲಿನ ಚಿತ್ರ ಉದ್ದ. ಅಡ್ಡ ಚಿತ್ರವನ್ನು ಉದ್ದಕ್ಕೆ ಕತ್ತರಿಸಿದರೆ ಉಳಿಯುವುದು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಒಂದೇ ಶಾಟಿನಲ್ಲಿ ಅತ್ತೆ ಎಡಕ್ಕೆ, ಸೊಸೆ ಬಲಕ್ಕೆ ನಿಂತು ಮಾತಾಡುತ್ತಿದ್ದರೆ ರೀಲಿನಲ್ಲಿ ಒಬ್ಬರು ಹೊರಗುಳಿಯುತ್ತಾರೆ. ಅದಕ್ಕೇ ತುಣುಕು ಮಾಡುವವರು ಒಂದೇ ಮುಖ ಇರುವ ಶಾಟುಗಳನ್ನು ಹುಡುಕುತ್ತಾರೆ. ಅಕ್ಷರಗಳನ್ನು ದೊಡ್ಡದಾಗಿ ಹಾಕುತ್ತಾರೆ, ಯಾಕೆಂದರೆ ಸುಮಾರು ಜನ ಸದ್ದು ಹಾಕದೇ ನೋಡುತ್ತಾರೆ. ಚಾನೆಲ್ಲುಗಳಲ್ಲಿ ಇದಕ್ಕೆಂದೇ ಹುಡುಗ ಹುಡುಗಿಯರ ತಂಡ ಇರುತ್ತದೆ. ಅವರ ಕೆಲಸವನ್ನು ಯಾರೂ ಹಗುರವಾಗಿ ನೋಡಬಾರದು. ಇಪ್ಪತ್ತೆರಡು ನಿಮಿಷದ ಕಂತಿನಲ್ಲಿ ಯಾವ ಮೂವತ್ತು ಸೆಕೆಂಡು ತನ್ನ ಕಾಲ ಮೇಲೆ ನಿಲ್ಲುತ್ತದೆ ಎಂದು ಗುರುತಿಸುವುದಕ್ಕೆ ಒಳ್ಳೆಯ ಕಣ್ಣು ಬೇಕು.

ಸುದ್ದಿ ಚಾನೆಲ್ಲುಗಳ ಬಗ್ಗೆ ನನಗೆ ಬೇಸರವಿದೆ. ಟಿವಿಯಲ್ಲಿ ಹೋಗುವುದನ್ನೇ ಇಪ್ಪತ್ನಾಲ್ಕು ಗಂಟೆ ಯೂಟ್ಯೂಬಿಗೂ ಸುರಿದರೆ ಡಿಜಿಟಲ್ ಆದೆವು ಎಂಬ ಭಾವನೆ ಬಹಳ ಕಡೆ ಇದೆ. ಅದರ ಭಾರ ಬೀಳುವುದು ಜಿಲ್ಲೆಯ ವರದಿಗಾರನ ಮೇಲೆ. ನಾಲ್ಕಾರು ಸಿಮ್‌ಗಳನ್ನು ಒಟ್ಟಿಗೆ ಬಳಸಿ ಚಿತ್ರ ಕಳಿಸುವ ಬ್ಯಾಕ್‌ಪ್ಯಾಕ್ ಬೆನ್ನಿಗೆ ಹಾಕಿಕೊಂಡು ಅವನು ಲೈವ್ ಕೊಡುತ್ತಾನೆ. ಅದು ಮುಗಿದ ಮೇಲೆ ಮೊಬೈಲನ್ನು ಉದ್ದಕ್ಕೆ ಹಿಡಿದು ಅದನ್ನೇ ಮತ್ತೆ ಹೇಳುತ್ತಾನೆ. ಆಮೇಲೆ ವೆಬ್‌ಸೈಟಿಗೆ ನಾಲ್ಕು ಸಾಲು ಬರೆಯುತ್ತಾನೆ. ಸಂಬಳ ಮಾತ್ರ ಒಂದೇ. ಇಷ್ಟೆಲ್ಲದರ ನಡುವೆ ಸುದ್ದಿ ನಿಜವಾ ಅಂತ ಇನ್ನೊಬ್ಬರಿಗೆ ಫೋನ್ ಮಾಡಿ ಕೇಳಲು ಅವನಿಗೆ ಹೊತ್ತೆಲ್ಲಿ?

ಸರಿ, ಕೋಲಾಟಕ್ಕೆ ಬರೋಣ.

ಈ ಪತ್ರಿಕೆಗೆ ಬರುವ ಮೊದಲು ನಾನೂ ಒಂದು ಚಾನೆಲ್ಲಿನಲ್ಲಿ ಕೆಲಸ ಮಾಡಿದ್ದೆ. ಹೆಸರು ಬೇಡ. ನನ್ನನ್ನು ಹಾಕಿದ್ದು ಟೇಪ್ ಲೈಬ್ರರಿಗೆ. ಎಸಿ ಇದ್ದ ಉದ್ದನೆಯ ಕೋಣೆ, ಕಬ್ಬಿಣದ ಕಪಾಟುಗಳು, ಟಿವಿಯವರು ಆಗ ಬಳಸುತ್ತಿದ್ದ ಬೀಟಾಕ್ಯಾಮ್ ಎಂಬ ಬಗೆಯ ಬೂದು ಬಣ್ಣದ ಕ್ಯಾಸೆಟ್ಟುಗಳು. ಟೇಪಿನ ಬೆಲೆ ಜಾಸ್ತಿ. ಹಾಗಾಗಿ ಪ್ರತಿ ತಿಂಗಳೂ ಒಂದು ಪಟ್ಟಿ ಬರುತ್ತಿತ್ತು: ಇವಿಷ್ಟನ್ನು ಅಳಿಸಿ ಮತ್ತೆ ಬಳಸಬಹುದು. ಒಂದು ಕ್ಯಾಸೆಟ್ಟಿನ ಬೆನ್ನಿನ ಚೀಟಿಯನ್ನು ಉಗುರಿನಿಂದ ಕೆರೆದಾಗ ಅದರಡಿ ಇನ್ನೊಂದು ಚೀಟಿ, ಅದರಡಿ ಮತ್ತೊಂದು. ಮೇಲಿನದು ಅಡುಗೆ ಕಾರ್ಯಕ್ರಮ. ನಡುವಿನದು ಯಾವುದೋ ಉದ್ಘಾಟನೆ. ತೀರಾ ಕೆಳಗಿನದರಲ್ಲಿ ನೀಲಿ ಶಾಯಿಯಲ್ಲಿ 'ಸೋಬಾನೆ, ಅಜ್ಜಿ' ಎಂದಿತ್ತು. ಯಾವ ಅಜ್ಜಿ, ಯಾವ ಊರು, ಯಾವ ವರ್ಷ, ಏನೂ ಇಲ್ಲ. ಆ ಅಜ್ಜಿಯ ಹಾಡಿನ ಮೇಲೆ ಎರಡು ಸಲ ಬೇರೇನೋ ಮುದ್ರಣವಾಗಿತ್ತು. ಆ ಚೀಟಿ ಇವತ್ತಿಗೂ ನನ್ನ ಡೈರಿಯಲ್ಲಿದೆ.

ನಿಮ್ಮೂರಿನ ಕೋಲಾಟಕ್ಕೂ ಹೀಗೇ ಆಗಿರಬಹುದು. ಆಗದೆಯೂ ಇರಬಹುದು. ಟೇಪು ಇದ್ದೂ ಸಿಗದೇ ಇರುವುದಕ್ಕೆ ಬೇರೆ ಕಾರಣಗಳೂ ಇವೆ.

ಇದು ನಮ್ಮಲ್ಲಿ ಮಾತ್ರ ನಡೆದ ತಪ್ಪು ಅಂದುಕೊಳ್ಳಬೇಡಿ. ಬಿಬಿಸಿಯಂಥ ಸಂಸ್ಥೆಯೂ 1960 ಮತ್ತು 70ರ ದಶಕಗಳಲ್ಲಿ ತನ್ನ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು. ಅವರ ಬಹಳ ಜನಪ್ರಿಯ ಧಾರಾವಾಹಿ 'ಡಾಕ್ಟರ್ ಹೂ'. ಅದರ ನೂರರ ಹತ್ತಿರ ಕಂತುಗಳು ಹಾಗೆ ಕಾಣೆಯಾದವು. ಕಳೆದುಹೋಗಿದ್ದ ಒಂಬತ್ತು ಕಂತುಗಳು ಸಿಕ್ಕ ಸುದ್ದಿ 2013ರಲ್ಲಿ ಬಂತು. ಸಿಕ್ಕಿದ್ದು ಎಲ್ಲಿ ಗೊತ್ತಾ? ನೈಜೀರಿಯಾದ ಜೋಸ್ ಎಂಬ ಊರಿನ ಟಿವಿ ಕೇಂದ್ರದಲ್ಲಿ. ಹಿಂದೆ ಪ್ರಸಾರಕ್ಕೆಂದು ಹೊರದೇಶಗಳಿಗೆ ಕಳಿಸುತ್ತಿದ್ದ ಫಿಲ್ಮ್ ಕಾಪಿಗಳು ಅವು. ತವರಿನಲ್ಲಿ ಅಳಿಸಿದ್ದು ದೂರದ ಕಪಾಟಿನಲ್ಲಿ ಉಳಿದಿತ್ತು. ಹಲವು ಕಡೆಗೆ ಹಂಚುವುದು ಅಂದರೆ ನನಗೆ ಮೊದಲು ನೆನಪಾಗುವುದು ಇದು. ಹಂಚಿದ್ದಕ್ಕೇ ಅವು ಉಳಿದವು.

ಅದೇ 2013ರಲ್ಲಿ ಬಿಬಿಸಿ ಇನ್ನೊಂದು ಪಾಠವನ್ನೂ ಕಲಿಯಿತು. ಎಲ್ಲ ವಿಡಿಯೋವನ್ನೂ ಫೈಲಾಗಿ ಇಟ್ಟು, ನೌಕರರು ತಮ್ಮ ಮೇಜಿನಿಂದಲೇ ಹುಡುಕಿ, ಎಡಿಟ್ ಮಾಡುವ ಹಾಗೆ ದೊಡ್ಡ ವ್ಯವಸ್ಥೆಯೊಂದನ್ನು 2008ರಿಂದ ಕಟ್ಟುತ್ತಿತ್ತು. ಅದು ಕೈಗೂಡಲಿಲ್ಲ. 9.84 ಕೋಟಿ ಪೌಂಡು ನಷ್ಟ ಎಂದು ಬರೆದು ಮುಚ್ಚಿತು. ದುಡ್ಡು ಕೊಟ್ಟು ಯಂತ್ರ ತಂದಾಕ್ಷಣ ಕೆಲಸ ಮಾಡುವ ರೀತಿ ಬದಲಾಗುವುದಿಲ್ಲ. ನಮ್ಮ ಕಚೇರಿಗಳಿಗೆ ಕಂಪ್ಯೂಟರ್ ಬಂದ ಕಾಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟೇಪು ಉಳಿದಿದೆ ಅಂತಲೇ ಇಟ್ಟುಕೊಳ್ಳೋಣ. ಅದನ್ನು ಓದುವ ಯಂತ್ರ ಬೇಕು. ಬೀಟಾಕ್ಯಾಮ್ ಕ್ಯಾಸೆಟ್ಟುಗಳ ಮಾರಾಟವನ್ನು ಸೋನಿ 2016ರಲ್ಲಿ ನಿಲ್ಲಿಸಿತು. ಯಂತ್ರದಲ್ಲಿ ಟೇಪನ್ನು ಓದುವ ಹೆಡ್ ಸವೆದರೆ ಬಿಡಿಭಾಗ ಸಿಗುವುದು ಕಷ್ಟ, ಅದನ್ನು ರಿಪೇರಿ ಮಾಡಬಲ್ಲ ಎಂಜಿನಿಯರುಗಳು ನಿವೃತ್ತರಾಗುತ್ತಿದ್ದಾರೆ. ಇನ್ನು ಹೊತ್ತಿನ ಲೆಕ್ಕ ನೋಡಿ. ಒಂದು ಗಂಟೆಯ ಟೇಪು ಫೈಲಾಗಲು ಒಂದು ಗಂಟೆಯೇ ಬೇಕು. ಹತ್ತು ಸಾವಿರ ಗಂಟೆಯ ಸಂಗ್ರಹ ಇದ್ದು, ಒಂದೇ ಯಂತ್ರ ದಿನಕ್ಕೆ ಎಂಟು ಗಂಟೆ ಓಡಿದರೆ 1,250 ದಿನ. ರಜೆ, ಕೆಟ್ಟು ನಿಂತ ದಿನ ಎಲ್ಲ ಸೇರಿ ನಾಲ್ಕು ವರ್ಷ ದಾಟುತ್ತದೆ. ಫೈಲುಗಳಾದ ಮೇಲೆ ಇಡುವುದೆಲ್ಲಿ? ಸೆಕೆಂಡಿಗೆ 50 ಮೆಗಾಬಿಟ್ ಗುಣಮಟ್ಟದಲ್ಲಿ ಇಟ್ಟರೆ ಒಂದು ಗಂಟೆಗೆ 22 ಜಿಬಿಗಿಂತ ಜಾಸ್ತಿ. ಅದನ್ನು ಬಹುಕಾಲ ಕಾಪಾಡಲು ಬಳಸುವುದು ಎಲ್‌ಟಿಒ ಎಂಬ ಹೊಸ ಬಗೆಯ ಟೇಪನ್ನು. ಅದರ ಒಂಬತ್ತನೇ ಪೀಳಿಗೆಯ ಒಂದು ಕ್ಯಾಸೆಟ್ಟು 18 ಟೆರಾಬೈಟ್ ಹಿಡಿಸುತ್ತದೆ. ಅಂಗೈ ಮೇಲೆ ಕೂರುವ ಒಂದು ಡಬ್ಬಿಯಲ್ಲಿ ಏಳುನೂರು ಗಂಟೆಗೂ ಹೆಚ್ಚು ಕಾರ್ಯಕ್ರಮ. ಇದನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೆ ಆ ಲೈಬ್ರರಿಯ ಕಪಾಟುಗಳು ಕಣ್ಣ ಮುಂದೆ ಬಂದವು.

ಇಷ್ಟಾದರೂ ಕೋಲಾಟ ಸಿಗುತ್ತದೆ ಅನ್ನುವ ಹಾಗಿಲ್ಲ. ಈಗ ಆ ಉಪ್ಪಿನಕಾಯಿ ಜಾಡಿಯ ಚೀಟಿಗೆ ಬರುತ್ತೇನೆ. ಫೈಲಿನ ಹೆಸರು 'ಟೇಪ್ 417, ಜಾನಪದ' ಅಂತ ಇದ್ದರೆ ತಿಪಟೂರು ಎಂದು ಹುಡುಕಿದವರಿಗೆ ಅದು ಸಿಗುವುದಾದರೂ ಹೇಗೆ? ಮಾತನ್ನು ಕೇಳಿ ಅಕ್ಷರಕ್ಕಿಳಿಸುವ ಕಂಪ್ಯೂಟರ್ ಕನ್ನಡದಲ್ಲೂ ಬಂದಿದೆ. ವಾರ್ತೆ ಓದುವವರ ಮಾತಾದರೆ ಅದಕ್ಕೆ ಸುಲಭ. ಕೋಲು ಬಡಿಯುವ ಸದ್ದಿನ ನಡುವೆ ಹದಿನಾಲ್ಕು ಹೆಂಗಸರು ಒಟ್ಟಿಗೆ ಹಾಡುವುದು ಅದಕ್ಕೆ ಕಷ್ಟ. ಇನ್ನು ಎಡಗಡೆಯಿಂದ ಮೂರನೆಯವರು ನಿಮ್ಮ ಅತ್ತೆ ಎಂದು ಅದಕ್ಕೆ ಯಾರು ಹೇಳಬೇಕು? ನೀವೇ ಹೇಳಬೇಕು.

ಧಾರಾವಾಹಿ ಬೆಳಗಾಗುವಷ್ಟರಲ್ಲಿ ಎಲ್ಲ ಪರದೆಗಳನ್ನೂ ತಲುಪುವುದು ಅದಕ್ಕೆ ಹುಟ್ಟುವಾಗಲೇ ಚೀಟಿ ಅಂಟಿಸುವುದರಿಂದ. ಕೋಲಾಟಕ್ಕೆ ಯಾರೂ ಅಂಟಿಸಲಿಲ್ಲ. ನನ್ನ ಮಟ್ಟಿಗೆ ಟಿವಿ ಡಿಜಿಟಲ್ ಆಗುವುದರಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಈ ಚೀಟಿ ಬರೆಯುವುದು. ಆದರೆ ಆ ಕೆಲಸಕ್ಕೇ ಎಲ್ಲಕ್ಕಿಂತ ಕಡಿಮೆ ದುಡ್ಡು, ಕಡಿಮೆ ಜನ. ಲೈಬ್ರರಿ ಖಾಲಿ ಮಾಡಿಸಿ ಆ ಜಾಗದಲ್ಲಿ ಸ್ಟುಡಿಯೋ ಮಾಡಿದ್ದನ್ನು ನಾನು ಕಂಡಿದ್ದೇನೆ. ನನಗೆ ಇವತ್ತಿಗೂ ಅದು ಸಂಕಟ.

ಹಕ್ಕಿನ ತೊಡಕೂ ಒಂದಿದೆ. ಹಳೆಯ ಕಾರ್ಯಕ್ರಮಗಳ ಕರಾರಿನಲ್ಲಿ ಇಂಟರ್ನೆಟ್ಟಿನ ಮಾತೇ ಇರುತ್ತಿರಲಿಲ್ಲ. ಹಾಡಿನ ಹಕ್ಕು ಯಾರದು, ಕಲಾವಿದರಿಗೆ ಏನು ಕೊಡಬೇಕು ಎಂದು ಒಬ್ಬರು ಕೂತು ಕಾಗದ ನೋಡಬೇಕು. ಅಷ್ಟು ಯಾರು ಮಾಡುತ್ತಾರೆ ಅಂತ ಬಿಟ್ಟುಬಿಡುವವರೇ ಜಾಸ್ತಿ.

ಆದರೆ ನಾವು ಸುಮ್ನೆ ಕೂರುವುದು ಬೇಡ. ಕರ್ನಾಟಕದಲ್ಲಿ ಟಿವಿ ಮೊದಲು ಬಂದಿದ್ದು ಹಳ್ಳಿಗಳಿಗೆ ಎಂಬುದು ಸುಮಾರು ಜನಕ್ಕೆ ಗೊತ್ತಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಎಂಬ ಉಪಗ್ರಹ ಪ್ರಯೋಗದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಕಡೆಯ ಹಳ್ಳಿಗಳಿಗೆ ಸಾರ್ವಜನಿಕ ಟಿವಿ ಇಟ್ಟಿದ್ದರು. ಬೆಂಗಳೂರು ದೂರದರ್ಶನ ಶುರುವಾಗಿದ್ದು ಆಮೇಲೆ, 1981ರಲ್ಲಿ. ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ ತನ್ನ ಹಳೆಯ ಸಂಗ್ರಹದಿಂದ ಆಯ್ದದ್ದನ್ನು ಯೂಟ್ಯೂಬಿಗೆ ಹಾಕುತ್ತಾ ಬಂದಿದೆ. 2024ರ ನವೆಂಬರ್‌ನಲ್ಲಿ ವೇವ್ಸ್ ಎಂಬ ಆ್ಯಪ್ ಕೂಡ ತಂದಿದೆ. ಹಳೆಯದಕ್ಕೆ ನೋಡುವವರಿದ್ದಾರೆ ಎಂದು ಗೊತ್ತಾದಂತೆಲ್ಲ ಖಾಸಗಿ ಚಾನೆಲ್ಲುಗಳೂ ಕಪಾಟು ತೆರೆಯುತ್ತವೆ ಎಂದು ನನಗನ್ನಿಸುತ್ತದೆ.

ನೀವು ಮಾಡಬೇಕಾದ್ದು ಇಷ್ಟು. ಯಾವ ಚಾನೆಲ್ ಎಂದು ಪತ್ರದಲ್ಲಿ ಹೇಳಿದ್ದೀರಿ, ಇಲ್ಲಿ ಹೆಸರು ಹಾಕಿಲ್ಲ. ಅವರ ಕಾರ್ಯಕ್ರಮ ವಿಭಾಗಕ್ಕೆ ಒಂದು ಪತ್ರ ಬರೆಯಿರಿ. 'ಹಳೆಯ ಕೋಲಾಟದ ಕಾರ್ಯಕ್ರಮ' ಎಂದಷ್ಟೇ ಬರೆದರೆ ಸಾಲದು. ಊರು, ಹೋಬಳಿ, ಚಿತ್ರೀಕರಣದ ದಿನ, ಪ್ರಸಾರವಾದ ಅಂದಾಜು ದಿನ ಮತ್ತು ಹೊತ್ತು, ಹಾಡಿನ ಮೊದಲ ಸಾಲು, ಹಿಂದೆ ಯಾವ ಗುಡಿ ಕಾಣುತ್ತದೆ, ಎಲ್ಲ ಇರಲಿ. ಊರಿನಲ್ಲಿ ಆಗ ವಿಸಿಆರ್ ಯಾರ ಮನೆಯಲ್ಲಿತ್ತು ವಿಚಾರಿಸಿ. ಅವತ್ತು ಯಾರಾದರೂ ವಿಎಚ್‌ಎಸ್ ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದರೆ ಅದೇ ನಿಮ್ಮ ನೈಜೀರಿಯಾದ ಕಪಾಟು. ಸಿಕ್ಕರೆ ಮನೆಯ ಹಳೇ ಯಂತ್ರಕ್ಕೆ ಹಾಕಿ ನೋಡಲು ಹೋಗಬೇಡಿ. ಬೂಷ್ಟು ಹಿಡಿದಿದ್ದರೆ ಟೇಪು ಹರಿಯುತ್ತದೆ. ನೆರಳಿನಲ್ಲಿ, ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಟ್ಟು ನಮಗೆ ತಿಳಿಸಿ. ಅದನ್ನು ಫೈಲಿಗೆ ಇಳಿಸಿಕೊಡುವವರು ಬೆಂಗಳೂರಿನಲ್ಲಿದ್ದಾರೆ, ಖರ್ಚು ಪತ್ರಿಕೆಯದು.

ಹದಿನಾಲ್ಕು ಜನರಲ್ಲಿ ಹನ್ನೊಂದು ಜನರ ಹೆಸರು ನೆನಪಿದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಉಳಿದ ಮೂವರನ್ನು ಊರಿನ ಹಿರಿಯರ ಹತ್ತಿರ ಕೇಳಿ, ಈ ತಿಂಗಳೇ ಕೇಳಿ. ಪಟ್ಟಿಯ ಒಂದು ಪ್ರತಿ ನಮಗೂ ಇರಲಿ.