ಡಿಸಿಎಕ್ಸ್ ಕಂಡಿತು ಅಂದರೆ ಏನು ಕಂಡಿತು?

ನಮಸ್ಕಾರ. ನೀವು ಚಿತ್ರದುರ್ಗದಿಂದ ಕಳಿಸಿದ ‘ಮೆದುಳಿನ ಹೊಸ ಚಿಗುರು’ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ನಮ್ಮ ವಿಜ್ಞಾನ ಪುಟದಲ್ಲಿ ಹಾಕಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ. ದೊಡ್ಡವರ ಮೆದುಳಲ್ಲಿ ಹೊಸ ನ್ಯೂರಾನ್, ಅಂದರೆ ನರಕೋಶ, ಹುಟ್ಟುತ್ತವೆಯಾ, ಹುಟ್ಟಿದರೆ ಡಿಸಿಎಕ್ಸ್‌ನಂಥ ಯಾವ ಪ್ರೋಟೀನ್ ನೋಡಿ ಗುರುತು ಹಿಡಿಯುತ್ತಾರೆ ಅನ್ನುವುದನ್ನು ಕನ್ನಡದಲ್ಲಿ ಬರೆಯುವವರು ತೀರಾ ಕಡಿಮೆ.

ಮೊದಲು ಕೋಟೆ ತೆಗೆಯಿರಿ. ಏಳು ಸುತ್ತಿನ ಕೋಟೆಗೆ ತಲೆಬುರುಡೆಯನ್ನು ಹೋಲಿಸಿ ಮೂರು ಪ್ಯಾರಾ ಬರೆದಿದ್ದೀರಿ. ಚೆನ್ನಾಗಿಯೇ ಇದೆ, ಆದರೆ ಅಷ್ಟು ಓದಿದ ಮೇಲೂ ನೆನಪಿಗೆ ಬೇಕಾದ ಮೆದುಳಿನ ಭಾಗವಾದ ಹಿಪೊಕ್ಯಾಂಪಸ್ ಬಗ್ಗೆ ಏನೂ ತಿಳಿಯುವುದಿಲ್ಲ.

ಈಗ ಮುಖ್ಯ ಮಾತು. ‘ಬಿಆರ್‌ಡಿಯು ಎಂಬ ಪ್ರೋಟೀನ್’ ಎಂದು ಬರೆದಿದ್ದೀರಿ. ಅದು ಪ್ರೋಟೀನೇ ಅಲ್ಲ. ಡಿಎನ್‌ಎಯಲ್ಲಿರುವ ಥೈಮಿಡಿನ್‌ ಅನ್ನೇ ಹೋಲುವ ಒಂದು ರಾಸಾಯನಿಕ, ಅದನ್ನು ಹೊರಗಿನಿಂದ ಕೊಡಬೇಕು. ಕೋಶ ಇಬ್ಭಾಗವಾಗುವ ಮೊದಲು ಡಿಎನ್‌ಎ ನಕಲು ಮಾಡಿಕೊಳ್ಳುತ್ತದಲ್ಲ, ಆಗ ಇದು ಒಳಗೆ ಸೇರಿ ಅಲ್ಲೇ ಉಳಿಯುತ್ತದೆ. ಹಾಗಾಗಿ ಕೋಶ ಯಾವಾಗ ಹುಟ್ಟಿತು ಅನ್ನುವುದಕ್ಕೆ ಅದು ಸಾಕ್ಷಿ. ಸ್ವೀಡನ್ನಿನಲ್ಲಿ ರೋಗಪರೀಕ್ಷೆಯ ಭಾಗವಾಗಿ ಬಿಆರ್‌ಡಿಯು ಪಡೆದಿದ್ದ 5 ಕ್ಯಾನ್ಸರ್ ರೋಗಿಗಳ ಮೆದುಳನ್ನು ಅವರು ತೀರಿಕೊಂಡ ಮೇಲೆ ಪರೀಕ್ಷಿಸಿ, ಮನುಷ್ಯರಲ್ಲೂ ಹೊಸ ನ್ಯೂರಾನ್ ಹುಟ್ಟುತ್ತವೆ ಎಂದು 1998ರಲ್ಲಿ ವಿಜ್ಞಾನಿಗಳಾದ ಎರಿಕ್ಸನ್, ಗೇಜ್ ಮತ್ತು ಜೊತೆಗಾರರು ಹೇಳಿದ್ದು ಹೀಗೆ. ಸುಮ್ನೆ ಯಾರಿಗೂ ಕೊಡುವ ವಸ್ತು ಅಲ್ಲ ಅದು. ಆದ್ದರಿಂದಲೇ ಮನುಷ್ಯರ ವಿಚಾರದಲ್ಲಿ, ಕೋಶದ ಒಳಗೇ ಇದ್ದು ಅದರ ಗುರುತು ಹೇಳುವ ಪ್ರೋಟೀನ್‌ಗಳ, ಅಂದರೆ ಪ್ರೋಟೀನ್ ಮಾರ್ಕರ್‌ಗಳ ಮೇಲೆ ಇಷ್ಟು ಭಾರ ಬಿದ್ದಿದೆ. ಈ ಮಾತು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ, ಇರಲೇಬೇಕು.

ಪ್ರೋಟೀನ್ ಮಾರ್ಕರ್ ಹೇಳುವುದು ಕೋಶದ ಆ ಹೊತ್ತಿನ ಸ್ಥಿತಿ ಮಾತ್ರ. ಕೆಐ-67 ಎಂಬ ಪ್ರೋಟೀನ್ ಇದ್ದರೆ ಕೋಶ ವಿಭಜನೆಯ ಚಕ್ರದಲ್ಲಿದೆ ಎಂದರ್ಥ, ಆದರೆ ಅದು ನ್ಯೂರಾನ್ ಆಗುತ್ತದೋ, ನ್ಯೂರಾನ್‌ಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶ ಆಗುತ್ತದೋ ಗೊತ್ತಾಗುವುದಿಲ್ಲ. ನ್ಯೂಎನ್ ಎಂಬ ಪ್ರೋಟೀನ್ ಕಂಡರೆ ಬಲಿತ ನ್ಯೂರಾನ್, ಹುಟ್ಟಿದ್ದು ಯಾವಾಗ ಎಂದು ಅದು ಹೇಳುವುದಿಲ್ಲ. ಇವೆರಡರ ನಡುವಿನ ಹಂತದ್ದು ಡಬಲ್‌ಕಾರ್ಟಿನ್, ಅಂದರೆ ನಿಮ್ಮ ಡಿಸಿಎಕ್ಸ್. ಇಲಿಯ ಹಿಪೊಕ್ಯಾಂಪಸ್‌ನ ಒಂದು ಭಾಗವಾದ ಡೆಂಟೇಟ್ ಗೈರಸ್‌ನಲ್ಲಿ ಹೊಸ ಕೋಶ ಎರಡು ಮೂರು ವಾರ ಇದನ್ನು ತೋರಿಸಿ, ಬಲಿತ ಮೇಲೆ ಬಿಡುತ್ತದೆ.

‘ಡಿಸಿಎಕ್ಸ್ ಕಂಡರೆ ಹೊಸ ನ್ಯೂರಾನ್ ಗ್ಯಾರಂಟಿ’ ಎಂದಿದ್ದೀರಿ. ಗ್ಯಾರಂಟಿ ಇಲ್ಲ! ಇಲಿಯ ಮೆದುಳಿನ ಹೊರಪದರವಾದ ಕಾರ್ಟೆಕ್ಸ್‌ನ ಕೆಲವು ಕಡೆ, ಇಲಿ ಹುಟ್ಟುವ ಮೊದಲೇ ಆದ ಕೋಶಗಳು ಬಲಿಯದೆ ಉಳಿದು, ದೊಡ್ಡದಾದ ಮೇಲೂ ಡಿಸಿಎಕ್ಸ್ ತೋರಿಸುತ್ತವೆ. ಅದಕ್ಕೇ ಪ್ರಾಣಿಗಳಲ್ಲಿ ಬಿಆರ್‌ಡಿಯು ಕೊಟ್ಟು, ಒಂದೇ ಕೋಶದಲ್ಲಿ ಅದೂ ನ್ಯೂಎನ್‌ನೂ ಒಟ್ಟಿಗೆ ಇವೆಯಾ ಎಂದು ಕಾನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ.

2018ರ ಜಗಳವನ್ನು ಯಾಕೆ ಬಿಟ್ಟಿರಿ? ಲೇಖನದ ಜೀವವೇ ಅದು. ವಯಸ್ಕರ ಹಿಪೊಕ್ಯಾಂಪಸ್‌ನಲ್ಲಿ ಎಳೆಯ ನ್ಯೂರಾನ್ ಸಿಗಲಿಲ್ಲ ಎಂದು ಒಂದು ತಂಡ, ಮುಪ್ಪಿನಲ್ಲೂ ಇವೆ ಎಂದು ಇನ್ನೊಂದು ತಂಡ, ಎರಡೂ ಒಂದೇ ವರ್ಷ, ಎರಡೂ ಡಿಸಿಎಕ್ಸ್‌ನಂಥ ಮಾರ್ಕರ್‌ಗಳನ್ನೇ ನಂಬಿದ್ದವು. ಮರುವರ್ಷ ಸ್ಪೇನಿನ ತಂಡವೊಂದು, ಸತ್ತವರ ಮೆದುಳನ್ನು, ಕೆಡದಂತೆ ಇಡುವ ದ್ರವವಾದ ಫಿಕ್ಸೇಟಿವ್‌ನಲ್ಲಿ ಜಾಸ್ತಿ ಹೊತ್ತು ಇಟ್ಟರೆ ಡಿಸಿಎಕ್ಸ್ ಕಾಣದೆ ಹೋಗುತ್ತದೆ ಎಂದು ತೋರಿಸಿತು. ಅಂದರೆ ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲೂ ಅಲ್ಲ, ಅಲ್ವಾ? ಇದಕ್ಕೆ ಎರಡು ಪುಟ ಕೊಡಿ, ನಾನು ಜಾಗ ಮಾಡಿಕೊಡುತ್ತೇನೆ.

ಕೊನೆಯ ಪ್ಯಾರಾ ಪೂರ್ತಿ ತೆಗೆಯಬೇಕು. ‘ದಿನಾ ಅರ್ಧ ಗಂಟೆ ನಡೆಯಿರಿ, ಹೊಸ ನ್ಯೂರಾನ್ ಬೆಳೆಯುತ್ತವೆ, ಮರೆವು ಹೋಗುತ್ತದೆ’ ಅನ್ನುವುದಕ್ಕೆ ನೀವು ಕೊಟ್ಟಿರುವುದು ಇಲಿಗಳು ಚಕ್ರದಲ್ಲಿ ಓಡಿದ 1999ರ ಪ್ರಯೋಗ. ನಡೆಯುವುದು ಒಳ್ಳೆಯದೇ. ಆದರೆ ದಾವಣಗೆರೆಯಲ್ಲಿ, ಜಗಳೂರಿನಲ್ಲಿ, ಹೊಳಲ್ಕೆರೆಯಲ್ಲಿ ನಮ್ಮ ಪುಟ ಓದುವವರಲ್ಲಿ ಮಕ್ಕಳ ಹೆಸರನ್ನೇ ಮರೆತ ಅಪ್ಪ-ಅಮ್ಮನನ್ನು ನೋಡಿಕೊಳ್ಳುವವರಿದ್ದಾರೆ. ಅವರು ನಿಮ್ಮ ಆ ಒಂದು ಸಾಲನ್ನೇ ಹಿಡಿದುಕೊಳ್ಳುತ್ತಾರೆ. ಅದೇ ಸ್ಪೇನಿನ ತಂಡ ಅಲ್ಜೈಮರ್ ಇದ್ದವರಲ್ಲಿ ಡಿಸಿಎಕ್ಸ್ ಕೋಶಗಳು ಕಡಿಮೆ ಇದ್ದುದನ್ನು ಕಂಡಿದೆ. ಅದನ್ನು ಬರೆಯಿರಿ, ಕಡಿಮೆ ಇದ್ದವು ಎಂದಷ್ಟೇ. ಅದರಿಂದ ಮದ್ದಿಗೆ ಜಿಗಿಯಬೇಡಿ.

ಲ್ಯಾಬ್‌ನಲ್ಲಿ ಈ ಪ್ರೋಟೀನ್‌ಗಳಿಗೆ ಅಂಟಿ ಅವನ್ನು ತೋರಿಸಿಕೊಡುವ ಆಂಟಿಬಾಡಿ ಹಾಕಿ ಕಾದು ಕೂತ ಸಂಜೆಯ ಬಗ್ಗೆ ನೀವು ಬರೆದ ಪ್ಯಾರಾ ನನಗೆ ತುಂಬಾ ಹಿಡಿಸಿತು. ಲೇಖನ ಅಲ್ಲಿಂದಲೇ ಶುರುವಾಗಲಿ. ತಿದ್ದಿ ಕಳಿಸಿ, ಬಂದ ಕೂಡಲೇ ಓದುತ್ತೇನೆ.