ಮೊದಲು ಗಾಳಿ ಇಳಿಸಿ, ಟೈರಿನ ಮಾತು ಆಮೇಲೆ

ಸೈಕಲ್ ಸವಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಕೊಡಗಿನ ಮೂರ್ನಾಡು ಕಡೆಯವನು. ವಯಸ್ಸು 52, ತೂಕ 70 ಕಿಲೊ. ದಿನಾ ಸೈಕಲ್‌ನಲ್ಲೇ ತೋಟಕ್ಕೆ ಹೋಗಿ ಬರುತ್ತೇನೆ. 8 ಕಿ.ಮೀ. ಟಾರು ರಸ್ತೆ, ಅದರಲ್ಲಿ ಅರ್ಧ ಜಲ್ಲಿ ಎದ್ದಿದೆ. ಆಮೇಲೆ 3 ಕಿ.ಮೀ. ಸೋಲಿಂಗ್ ಕಲ್ಲು ಹಾಸಿದ ತೋಟದ ದಾರಿ. ಸೈಕಲ್ ಹೈಬ್ರಿಡ್, ಟೈರಿನ ಮೇಲೆ 700×35 ಎಂದಿದೆ, ಅಂದರೆ 35 ಮಿ.ಮೀ. ಅಗಲ. ಮನೆ ಸೇರುವಷ್ಟರಲ್ಲಿ ಅಂಗೈ ಮರಗಟ್ಟುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ಅಗಲದ ಟೈರು ಹಾಕಿಸೋಣವೆಂದರೆ ಅಂಗಡಿಯವರು ‘ತುಳಿಯೋಕೆ ಭಾರ, ಏರು ಹತ್ತೋಕಾಗಲ್ಲ’ ಎನ್ನುತ್ತಾರೆ. ಈಗ 75 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಹಾಕಿ ಕೊಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ನಾಳೆ ಬೆಳಿಗ್ಗೆ ಹೊರಡುವ ಮುಂಚೆ ಹಿಂದಿನ ಚಕ್ರದ ಗಾಳಿಯನ್ನು 55ಕ್ಕೆ, ಮುಂದಿನದನ್ನು 48ಕ್ಕೆ ಇಳಿಸಿ. ಒಂದು ವಾರ ಹಾಗೇ ಓಡಾಡಿ. ದುಡ್ಡು ಖರ್ಚು ಮಾಡುವ ಯೋಚನೆ ಆಮೇಲೆ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದೆ. ಬೆಳಿಗ್ಗೆ ಲೈನ್ ಮನೆಗಳ ಮುಂದೆ ಹಾಜರಿ ಹಿಡಿಯುವುದು, ಅಲ್ಲಿಂದ ಕೆಲಸ ನಡೆಯುವ ಕಡೆಗೆ, ಮತ್ತೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ, ಸಂಜೆ ಆಫೀಸಿಗೆ. ಎಲ್ಲವೂ ಸೈಕಲ್ ಮೇಲೆಯೇ. ಕೆಲಸಕ್ಕೆ ಸೇರಿದ ಮೊದಲ ವರ್ಷದ ಕಕ್ಕಡ ತಿಂಗಳು, ಕೊಡಗಿನ ಜಡಿಮಳೆಯ ಕಾಲ. ಪೇಟೆಯಲ್ಲಿ ಗಾಳಿ ಹೊಡೆಸಿಕೊಂಡು ಬಂದಿದ್ದೆ. ಬೆರಳಲ್ಲಿ ಒತ್ತಿದರೆ ಟೈರು ಕಲ್ಲು. ಗಾಳಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದೇ ನಂಬಿದ್ದೆ. ಪಲ್ಪರ್ ಮನೆಯ ಇಳಿಜಾರಿನಲ್ಲಿ ಮುಂದಿನ ಚಕ್ರ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಪುಟಿಯಿತು, ಮೂರನೆಯದಕ್ಕೆ ಪಕ್ಕಕ್ಕೆ ಜಾರಿತು. ನನ್ನ ಮೊಣಕೈ ಕಿತ್ತಿದ್ದು ಒಂದು ವಾರದಲ್ಲಿ ವಾಸಿಯಾಯಿತು. ಆದರೆ ಹಾಜರಿ ಪುಸ್ತಕ ತೋಡಿಗೆ ಬಿದ್ದು ಆ ವಾರದ ಶಾಯಿಯೆಲ್ಲ ಕರಗಿಹೋಯಿತು. ನಲವತ್ತು ಜನರ ಕೂಲಿ ಲೆಕ್ಕ. ಮೇಸ್ತ್ರಿ ರಾತ್ರಿಯೆಲ್ಲ ಕೂತು ಯಾರು ಯಾವ ದಿನ ಎಲ್ಲಿದ್ದರು ಎಂದು ನೆನಪಿನಿಂದ ಹೇಳಿದರು, ನಾನು ಬರೆದುಕೊಂಡೆ. ಬೆಳಿಗ್ಗೆ ಅವರೇ ನನ್ನ ಸೈಕಲ್ ಹತ್ತಿರ ಕುಕ್ಕರಗಾಲಲ್ಲಿ ಕೂತು, ವಾಲ್ವಿನ ತಿರುಪು ಸಡಿಲಿಸಿ, ಟೈರು ಹೆಬ್ಬೆರಳಿಗೆ ಮಣಿಯುವವರೆಗೆ ಗಾಳಿ ಬಿಟ್ಟರು. ‘ಕಲ್ಲಿನ ಮೇಲೆ ಕಲ್ಲು ಉರುಳಿಸಿದರೆ ನಿಲ್ಲುತ್ತದೆಯೇ?’ ಎಂದರು. ಅದೇ ಇಳಿಜಾರು ಆ ದಿನ ಬೇರೆಯೇ ದಾರಿಯಂತೆ ಕಂಡಿತು.

ಅವರ ಮಾತಿನ ಹಿಂದಿನ ಲೆಕ್ಕ ನಾನು ಕಲಿತದ್ದು ಬಹಳ ತಡವಾಗಿ. ನಿಮ್ಮ ಹಿಂದಿನ ಚಕ್ರದ ಮೇಲೆ ಹೆಚ್ಚುಕಡಿಮೆ 45 ಕಿಲೊ ಭಾರ ಬೀಳುತ್ತದೆ. 75 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 5.3 ಕಿಲೊ ಒತ್ತಡ. ಭಾರವನ್ನು ಒತ್ತಡದಿಂದ ಭಾಗಿಸಿ: ನೆಲ ಹಿಡಿದಿರುವ ರಬ್ಬರು ಎಂಟೂವರೆ ಚದರ ಸೆಂಟಿಮೀಟರ್, ಅಂದರೆ ಬೆಂಕಿಪೊಟ್ಟಣದ ಅರ್ಧ. ಅದೇ ಭಾರಕ್ಕೆ 42 ಪಿಎಸ್‌ಐ (ಅಗಲದ ಟೈರಿಗೆ ನಾನು ಮುಂದೆ ಹೇಳುವ ಗಾಳಿ) ಇದ್ದರೆ ಹದಿನೈದು ಚದರ ಸೆಂಟಿಮೀಟರ್, ಹತ್ತಿರ ಹತ್ತಿರ ಇಡೀ ಪೊಟ್ಟಣ. ಟೈರಿನ ಬಟ್ಟೆಯೂ ಸ್ವಲ್ಪ ಭಾರ ಹೊರುವುದರಿಂದ ಇದು ಅಂದಾಜಿನ ಲೆಕ್ಕ. ಆದರೂ ಒದ್ದೆ ಕೆಂಪುಮಣ್ಣಿನ ಮೇಲೆ ಯಾವುದು ನಿಲ್ಲುತ್ತದೆಂದು ತಿಳಿಯಲು ಇಷ್ಟು ಸಾಕು.

ಇನ್ನು ಅಂಗಡಿಯವರು ಹೇಳಿದ ‘ಭಾರ’. ಗಾಜಿನಂಥ ನೆಲದಲ್ಲಿ ಗಟ್ಟಿ ಟೈರು ಸಲೀಸಾಗಿ ಉರುಳುವುದು ನಿಜ. ನಿಮ್ಮ ದಾರಿ ಹಾಗಿಲ್ಲ. ಗಟ್ಟಿ ಟೈರು ಪ್ರತಿ ಜಲ್ಲಿಕಲ್ಲಿಗೂ ನಿಮ್ಮನ್ನೂ ಸೈಕಲ್ಲನ್ನೂ ಒಂದಿಷ್ಟು ಮೇಲೆತ್ತಿ ಕೆಳಗೆ ಹಾಕುತ್ತದೆ. ಎತ್ತುವ ಶಕ್ತಿ ಬರುವುದು ನಿಮ್ಮ ಕಾಲಿನಿಂದ. ಅದು ಹೋಗಿ ಸೇರುವುದು ನಿಮ್ಮ ಸೊಂಟಕ್ಕೆ, ಅಂಗೈಗೆ. ಮೆತ್ತಗಿನ ಟೈರಾದರೆ ಕಲ್ಲನ್ನು ತನ್ನೊಳಗೆ ನುಂಗಿಕೊಂಡು ಮುಂದೆ ಹೋಗುತ್ತದೆ, ನೀವು ಇದ್ದ ಎತ್ತರದಲ್ಲೇ ಇರುತ್ತೀರಿ.

ಸುಖ ಕೊಡುವ ಟೈರು ನಿಧಾನ ಎಂಬ ನಂಬಿಕೆ ಗಾಳಿ ಟೈರಿನ ಹುಟ್ಟಿನಲ್ಲೇ ಸುಳ್ಳಾಗಿದೆ. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ ಕುಲುಕದೆ ಓಡಲಿ ಎಂದು ಗಾಳಿ ತುಂಬಿದ ರಬ್ಬರ್ ಕೊಳವೆ ಕಟ್ಟಿದ. 1888ರಲ್ಲಿ ಪೇಟೆಂಟ್ ಸಿಕ್ಕಿತು. ಮರುವರ್ಷ ವಿಲ್ಲಿ ಹ್ಯೂಮ್ ಎಂಬ ಸವಾರ ಅದೇ ಊರಿನಲ್ಲಿ ಆ ಟೈರು ಹಾಕಿಕೊಂಡು ಗಟ್ಟಿ ರಬ್ಬರಿನ ಸೈಕಲ್‌ಗಳನ್ನು ಹಿಂದೆ ಹಾಕಿ ರೇಸ್ ಗೆದ್ದ. ಈಗ ಯುರೋಪಿನ ರೇಸ್ ಸವಾರರೂ ಹಿಂದಿನ 23 ಮಿ.ಮೀ. ಟೈರು ಬಿಟ್ಟು 28, 30ಕ್ಕೆ ಬಂದಿದ್ದಾರೆ, ಗಾಳಿಯನ್ನೂ ಇಳಿಸಿದ್ದಾರೆ.

ವಾರ ಕಳೆದ ಮೇಲೂ ಸೋಲಿಂಗ್ ದಾರಿ ಕಾಡಿದರೆ ಆಗ ಅಗಲದ ಟೈರು ಹಾಕಿಸಿ. ನಾನು ಹೇಳುವುದು 42 ಮಿ.ಮೀ.; ಚೌಕಟ್ಟಿನಲ್ಲಿ ಜಾಗವಿದ್ದರೆ 47. ಜಾಗ ನೋಡುವುದು ಮೂರು ಕಡೆ: ಪೆಡಲ್ ಅಚ್ಚಿನ ಹಿಂದೆ ಚೌಕಟ್ಟಿನ ಎರಡು ಕೊಳವೆಗಳ ನಡುವೆ, ಮುಂದಿನ ಫೋರ್ಕಿನ ನೆತ್ತಿಯಲ್ಲಿ, ಬ್ರೇಕಿನ ತೋಳುಗಳ ನಡುವೆ. ಬೇರೆ ಊರಿನಲ್ಲಿ ಎರಡೂ ಪಕ್ಕ 6 ಮಿ.ಮೀ. ಬಿಟ್ಟರೆ ಸಾಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪುಮಣ್ಣೂ ಸಿಲ್ವರ್ ಓಕ್ ಎಲೆಯೂ ಸೇರಿ ಮಡ್‌ಗಾರ್ಡಿನೊಳಗೆ ರೊಟ್ಟಿ ಕಟ್ಟಿಕೊಳ್ಳುತ್ತದೆ, ಚಕ್ರ ತಿರುಗುವುದೇ ಇಲ್ಲ. 8 ಮಿ.ಮೀ. ಬಿಡಿ. 47 ಹಾಕಿ ಮಡ್‌ಗಾರ್ಡ್ ಬಿಚ್ಚುವುದಕ್ಕಿಂತ 42 ಹಾಕಿ ಮಡ್‌ಗಾರ್ಡ್ ಉಳಿಸಿಕೊಳ್ಳುವುದು ಕೊಡಗಿನಲ್ಲಿ ಜಾಣತನ.

ಒಂದು ತಪ್ಪು ಮಾತ್ರ ಖಂಡಿತ ಮಾಡಬೇಡಿ: ಅಗಲದ ಟೈರು ಹಾಕಿಸಿ ಅದೇ 75 ಹೊಡೆಸಬೇಡಿ. ಒತ್ತಡ ಒಂದೇ ಇದ್ದಾಗ ಕೊಳವೆ ದಪ್ಪವಾದಷ್ಟೂ ಅದರ ಗೋಡೆ ಹೆಚ್ಚು ಬಿಗಿಯುತ್ತದೆ. ದುಡ್ಡು ಕೊಟ್ಟು ಇನ್ನಷ್ಟು ಕಲ್ಲು ತಂದಂತಾಗುತ್ತದೆ. ಅಗಲದ ಟೈರಿನ ಉಪಕಾರವೆಂದರೆ ರಿಮ್ ಕಲ್ಲಿಗೆ ತಾಗದಂತೆ ಗಾಳಿ ಕಡಿಮೆ ಮಾಡಲು ಅವಕಾಶ ಕೊಡುವುದು. ನಿಮ್ಮ ತೂಕಕ್ಕೆ 42 ಮಿ.ಮೀ. ಟೈರಿನಲ್ಲಿ ಹಿಂದೆ 42, ಮುಂದೆ 36 ಪಿಎಸ್‌ಐನಿಂದ ಶುರು ಮಾಡಿ. ರಿಮ್ ‘ಟಕ್’ ಎಂದು ಕಲ್ಲಿಗೆ ಬಡಿದದ್ದು ಕೇಳಿಸಿದರೆ 5 ಹೆಚ್ಚಿಸಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡ ಅಂಕಿ ದಾಟಬಾರದ ಮಿತಿ. ಅಷ್ಟು ಹಾಕಲೇಬೇಕು ಎಂದು ಅದರ ಅರ್ಥವಲ್ಲ.

ಸರಿಯಾಗಿದೆಯೇ ಎಂದು ನೋಡಲು ಅಡಿಪಟ್ಟಿಯೊಂದು ಸಾಕು. ಅಮೆರಿಕದ ಸೈಕಲ್ ಲೇಖಕ ಫ್ರ್ಯಾಂಕ್ ಬರ್ಟೊ ಹೇಳಿದ ಅಳತೆಯ ಪ್ರಕಾರ, ಸವಾರ ಕೂತಾಗ ಟೈರು ತನ್ನ ಎತ್ತರದ ನೂರಕ್ಕೆ ಹದಿನೈದರಷ್ಟು ಕುಸಿಯಬೇಕು. 42ರ ಟೈರಿಗೆ ಇದು ಸುಮಾರು 6 ಮಿ.ಮೀ. ನೆಲದಿಂದ ರಿಮ್ಮಿನ ಅಂಚಿಗೆ ಎಷ್ಟಿದೆ ಎಂದು ಮೊದಲು ಅಳೆದುಕೊಳ್ಳಿ. ಆಮೇಲೆ ನೀವು ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಮನೆಯವರಿಂದ ಮತ್ತೆ ಅಳೆಸಿ.

ಏರಿನ ವಿಷಯ: ಒಂದೊಂದು ಟೈರು ನೂರು, ನೂರೈವತ್ತು ಗ್ರಾಂ ಹೆಚ್ಚು ತೂಗಬಹುದು. ಬೆನ್ನ ಮೇಲಿನ ನೀರಿನ ಬಾಟಲಿಯ ಮುಂದೆ ಅದು ಏನೂ ಅಲ್ಲ.

ಪ್ರಶ್ನೆ: ಸೋಮವಾರಪೇಟೆಯ ಕಾಲೇಜು ವಿದ್ಯಾರ್ಥಿ. ಮಳೆಗಾಲಕ್ಕೆ ದೊಡ್ಡ ಗುಬುಟಿನ ಟೈರು ಬೇಕೇ? ನುಣುಪು ಟೈರು ನೀರಿನಲ್ಲಿ ಜಾರುವುದಿಲ್ಲವೇ?

ಉತ್ತರ: ಒದ್ದೆ ಟಾರಿನಲ್ಲಿ ನುಣುಪು ಟೈರೇ ಚೆನ್ನಾಗಿ ಹಿಡಿಯುತ್ತದೆ. ಕಾರಿನಂತೆ ಸೈಕಲ್ ಟೈರು ನೀರಿನ ಪದರದ ಮೇಲೆ ತೇಲುವುದಿಲ್ಲ. ಅದು ಅಷ್ಟು ಅಗಲವೂ ಇಲ್ಲ, ಅಷ್ಟು ವೇಗವೂ ಇಲ್ಲ. ಗುಬುಟು ಬೇಕಾಗುವುದು ಕೆಸರಿನಲ್ಲಿ ಕಚ್ಚಲು. ಟಾರಿನ ತಿರುವಿನಲ್ಲಿ ಅದೇ ಗುಬುಟು ಬಾಗಿ ಸೈಕಲ್ ಅಲುಗುತ್ತದೆ, ಸದ್ದೂ ಮಾಡುತ್ತದೆ. ಎರಡೂ ದಾರಿ ಇರುವವರು ನಡುವೆ ನುಣುಪು, ಅಂಚಿನಲ್ಲಿ ಸಣ್ಣ ಗುಬುಟು ಇರುವುದನ್ನು ಕೊಳ್ಳಿ. ಮರದ ನೆರಳಿನ ಕಾಂಕ್ರೀಟ್ ರಸ್ತೆಯಲ್ಲಿ ಪಾಚಿ ಕಟ್ಟಿದ್ದರೆ ಮಾತ್ರ ಯಾವ ಟೈರನ್ನೂ ನಂಬಬೇಡ ಮಗೂ. ಇಳಿದು ತಳ್ಳಿಕೊಂಡು ಹೋಗು.

ಪ್ರಶ್ನೆ: ನಾಪೋಕ್ಲು ಹತ್ತಿರದ ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ಅಜ್ಜನ ಹಳೆಯ ಕರಿ ಸೈಕಲ್ ಇದೆ. ಟೈರು ಪೂರ್ತಿ ಹೋಗಿದೆ. ಅದಕ್ಕೆ ಈಗಿನ 29 ಇಂಚಿನ ಅಗಲ ಟೈರು ಹಾಕಬಹುದೇ?

ಉತ್ತರ: ಹಾಕಲಾಗದು, ಹಾಕಬೇಕಾಗಿಯೂ ಇಲ್ಲ. ಇಂಚಿನ ಲೆಕ್ಕ ಬಹಳ ಜನರನ್ನು ದಾರಿ ತಪ್ಪಿಸಿದೆ. ಟೈರಿನ ಪಕ್ಕದಲ್ಲಿ 40-635 ಎಂಬಂಥ ಎರಡು ಅಂಕಿ ಇರುತ್ತದೆ: ಮೊದಲನೆಯದು ಅಗಲ, ಎರಡನೆಯದು ಟೈರು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ನಮ್ಮ ದೇಶದ ಕರಿ ಸೈಕಲ್‌ಗಳದ್ದು ಸಾಮಾನ್ಯವಾಗಿ 28×1½, ಅಂದರೆ 635. 29 ಇಂಚು ಎಂದು ಮಾರುವುದು 622. 700 ಎಂದು ಬರೆದದ್ದೂ ಅದೇ 622. ಹೆಸರಿನಲ್ಲಿ ದೊಡ್ಡದು, ಅಳತೆಯಲ್ಲಿ 13 ಮಿ.ಮೀ. ಚಿಕ್ಕದು, ರಿಮ್ ಹತ್ತುವುದೇ ಇಲ್ಲ. 26 ಇಂಚಿನಲ್ಲೂ ಇದೇ ಕಥೆ: ಹಳೆಯ 26×1⅜ ಆದರೆ 590, ಮೌಂಟನ್ ಬೈಕಿನದು 559. ಅಂಗಡಿಗೆ ಹೋಗುವಾಗ ಹಳೆಯ ಟೈರನ್ನೇ ಹೆಗಲಿಗೆ ಹಾಕಿಕೊಂಡು ಹೋಗಿ.

ನಿಮ್ಮ ಅಜ್ಜನ ಟೈರು ಆಗಲೇ 40 ಮಿ.ಮೀ. ಅಗಲವಿತ್ತು. ಈಗ ಹೊಸದೆಂದು ಮಾರುತ್ತಿರುವ ಅಗಲದ ಮೇಲೆ ನಮ್ಮ ಹಿರಿಯರು ಭತ್ತದ ಮೂಟೆ ಸಾಗಿಸಿದ್ದಾರೆ. 635ರ ಹೊಸ ಟೈರು ಲುಧಿಯಾನದಲ್ಲಿ ಈಗಲೂ ತಯಾರಾಗುತ್ತದೆ, ಬೆಲೆಯೂ ಕಡಿಮೆ. ಒಂದು ಎಚ್ಚರಿಕೆ: ಆ ಸೈಕಲ್‌ನ ಸಲಾಕೆ ಬ್ರೇಕು ಒದ್ದೆ ಉಕ್ಕಿನ ರಿಮ್ಮನ್ನು ಹಿಡಿಯುವುದು ಬಲು ಕಷ್ಟ. ಐನ್‌ಮನೆಯ ಓಣಿಯಲ್ಲಿ, ಗದ್ದೆ ಬದಿಯಲ್ಲಿ ಓಡಿಸಿ ಸಂತೋಷಪಡಿ. ಮಳೆಯಲ್ಲಿ ಇಳಿಜಾರಿಗೆ ಮಾತ್ರ ಬೇಡ.

ಪ್ರಶ್ನೆ: ಗೋಣಿಕೊಪ್ಪಲಿನಿಂದ. ಗಾಳಿ ಕಡಿಮೆ ಮಾಡಿದ ಮೇಲೆ ತಿಂಗಳಿಗೆ ಎರಡು ಪಂಕ್ಚರ್. ಮುಳ್ಳು ತಡೆಯುವ ದಪ್ಪ ಪಟ್ಟಿಯ ಟೈರು ಹಾಕಲೇ, ಟ್ಯೂಬ್‌ಲೆಸ್ ಮಾಡಿಸಲೇ?

ಉತ್ತರ: ಟ್ಯೂಬ್ ಬಿಚ್ಚಿ ತೂತು ನೋಡಿ. ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ಇದ್ದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹರಿದಿದೆ. ಗಾಳಿ ತೀರಾ ಕಡಿಮೆಯಾಗಿದೆ, 5 ಹೆಚ್ಚಿಸಿ. ಒಂದೇ ತೂತಾದರೆ ಮುಳ್ಳು, ಇಲ್ಲವೇ ಕಾಫಿ ರೆಂಬೆ ಸವರುವ ಕಾಲದಲ್ಲಿ ದಾರಿಗೆ ಬಿದ್ದ ಚೂಪು ತುಂಡು. ಅಂಥ ಕಡೆ ದಿನಾ ಓಡಾಡುವವರಿಗೆ, ರಿಮ್ ಅದಕ್ಕೆ ಹೊಂದುವಂಥದ್ದಾದರೆ, ಟ್ಯೂಬ್‌ಲೆಸ್ಸೇ ಮೇಲು. ಒಳಗಿನ ದ್ರವ ಸಣ್ಣ ತೂತನ್ನು ತಾನೇ ಮುಚ್ಚುತ್ತದೆ, ಹಿಸುಕಿಕೊಳ್ಳಲು ಟ್ಯೂಬೇ ಇರುವುದಿಲ್ಲ. ಆ ದ್ರವ ಒಣಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ನೋಡಿ ತುಂಬಿಸಬೇಕು. ದಪ್ಪ ಪಟ್ಟಿಯ ಟೈರನ್ನು ನಾನು ಕೊನೆಗೆ ಹೇಳುತ್ತೇನೆ. ಮುಳ್ಳನ್ನು ತಡೆಯುತ್ತದೆ ನಿಜ, ಆದರೆ ಬಟ್ಟೆ ಬಿರುಸಾಗಿ, ನೀವು ಅಗಲಕ್ಕೆ ಕೊಟ್ಟ ದುಡ್ಡಿನ ಅರ್ಧ ಸುಖ ಹೋಗುತ್ತದೆ.

ಪ್ರಶ್ನೆ: ಮಡಿಕೇರಿಯಲ್ಲಿ ಗಾಳಿ ಹಾಕಿಸಿ ಸಂಪಾಜೆ ಘಾಟಿ ಇಳಿದರೆ ಒತ್ತಡ ಬದಲಾಗುತ್ತದೆಯೇ?

ಉತ್ತರ: ಸಾವಿರ ಮೀಟರ್ ಇಳಿದರೆ ಒಂದೂವರೆ ಪಿಎಸ್‌ಐ ಕಡಿಮೆ ತೋರಿಸೀತು. ಕೆಳಗಿನ ಸೆಕೆ ಅದನ್ನು ಹೆಚ್ಚುಕಡಿಮೆ ತುಂಬಿಕೊಡುತ್ತದೆ. ಪಂಪು ಮುಟ್ಟಬೇಡಿ.

ಪ್ರಶ್ನೆ: ವಿರಾಜಪೇಟೆಯಿಂದ. ಟೈರು ಯಾವಾಗ ಬದಲಿಸಬೇಕು? ಹಳೆಯದನ್ನು ಏನು ಮಾಡಲಿ?

ಉತ್ತರ: ನಡುವೆ ಚಪ್ಪಟೆಯಾಗಿ ಒಳಗಿನ ದಾರ ಕಂಡರೆ, ಇಲ್ಲವೇ ಪಕ್ಕದ ಗೋಡೆ ಬಿರುಕು ಬಿಟ್ಟು ಉಬ್ಬಿದರೆ ಅದೇ ದಿನ ಬದಲಿಸಿ. ಹಳೆಯದರ ಒಳ್ಳೆಯ ಭಾಗದಿಂದ ನಾಲ್ಕು ಬೆರಳಗಲದ ತುಂಡು ಕತ್ತರಿಸಿ, ಅಂಚಿನ ತಂತಿ ತೆಗೆದು, ಪಂಕ್ಚರ್ ಚೀಲದಲ್ಲಿ ಇಟ್ಟುಕೊಳ್ಳಿ. ಮಾಕುಟ್ಟದ ಕಾಡಿನ ನಡುವೆ ಟೈರಿನ ಗೋಡೆ ಸೀಳಿದರೆ ಆ ತುಂಡನ್ನು ಟೈರಿಗೂ ಟ್ಯೂಬಿಗೂ ನಡುವೆ ಇಟ್ಟು, 30ರಷ್ಟು ಗಾಳಿ ಹಾಕಿ, ನಿಧಾನವಾಗಿ ಮನೆ ಸೇರಬಹುದು. ನಾನು ಹಾಗೆ ಎರಡು ಸಲ ಬಂದಿದ್ದೇನೆ.