ಗ್ರೋಸ್ ಚಿತ್ರದ ಲೇಖನ ವಾಪಸ್ ಕಳಿಸುತ್ತಿದ್ದೇನೆ, ತಿದ್ದಿ ಕೊಡಿ

ನಮಸ್ಕಾರ.

ಜರ್ಮನ್ ವ್ಯಂಗ್ಯಚಿತ್ರಕಾರ ಜಾರ್ಜ್ ಗ್ರೋಸ್‌ನ ‘ಬೆಳಗಿನ ಜಾವ ಐದು ಗಂಟೆ’ ಎಂಬ ಶಾಯಿ ಚಿತ್ರದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡುವಂಥದ್ದೂ ಅಲ್ಲ.

ಮೊದಲ ಪುಟ ಪೂರ್ತಿ ಮೊದಲ ಮಹಾಯುದ್ಧದ ಕಂದಕ, ವಿಷಾನಿಲ, ಹೆಣಗಳ ರಾಶಿ. ಎರಡನೇ ಪುಟದಲ್ಲಿ ಪಿಕಾಸೊ ಬರುತ್ತಾನೆ, ಆಮೇಲೆ ಶಾಂತಿಯ ಮೇಲೆ ಒಂದು ಭಾಷಣ. ಚಿತ್ರ ಬರುವುದು ಮೂರನೇ ಪುಟದ ಕೊನೆಗೆ, ಅದೂ ನಾಲ್ಕೇ ಸಾಲು. ಮದುವೆಗೆ ಹೋಗಿ ಗಂಡು ಹೆಣ್ಣನ್ನು ನೋಡದೆ ಊಟ ಮುಗಿಸಿ ಬಂದ ಹಾಗಾಯಿತು.

ಚಿತ್ರ ಇನ್ನೊಮ್ಮೆ ನೋಡಿ. ಅದರಲ್ಲಿ ಯುದ್ಧವೇ ಇಲ್ಲ, ಅಲ್ವಾ? ಮೇಲೆ ಕೂಲಿಯವರು ಕೆಲಸಕ್ಕೆ ಹೊರಟಿದ್ದಾರೆ. ಕೆಳಗೆ ದುಡ್ಡಿದ್ದವರು ಇನ್ನೂ ಕುಡಿಯುತ್ತಲೇ ಇದ್ದಾರೆ. ಸಿಗಾರ್ ಇದೆ, ಹೆಂಗಸರಿದ್ದಾರೆ, ಒಬ್ಬ ವಾಂತಿ ಮಾಡಿಕೊಳ್ಳುತ್ತಿದ್ದಾನೆ. ಇಬ್ಬರಿಗೂ ಗಂಟೆ ಒಂದೇ. ಯುದ್ಧ ಮುಗಿದು ಎರಡು ಮೂರು ವರ್ಷವಾದ ಮೇಲೆ ಬರ್ಲಿನ್‌ನಲ್ಲಿ ಯಾರ ಬದುಕು ಹೇಗೆ ಸಾಗಿದೆ ಅಂತ ಹೇಳಲು ಗ್ರೋಸ್‌ಗೆ ಒಂದು ಹೆಣವೂ ಬೇಕಾಗಲಿಲ್ಲ.

ನೀವೇ ಬರೆದಿದ್ದೀರಿ: ‘ಮೇಲಿನವರಿಗೆ ಬೆಳಗಾಗಿದೆ, ಕೆಳಗಿನವರಿಗೆ ರಾತ್ರಿ ಮುಗಿದಿಲ್ಲ.’ ಎಷ್ಟು ಚೆನ್ನಾಗಿದೆ! ಲೇಖನ ಇಲ್ಲಿಂದಲೇ ಶುರುವಾಗಲಿ. ಅದರ ಬೆನ್ನಿಗೇ ‘ಅಯ್ಯೋ, ಎಂಥ ಅನ್ಯಾಯ!’ ಅಂತಿದೆ. ಅದನ್ನು ಹೊಡೆದುಹಾಕಿ. ಗ್ರೋಸ್ ಅಯ್ಯೋ ಅನ್ನುವ ಪೈಕಿಯವನಲ್ಲ. ಗೇಲಿ ಮಾಡುತ್ತಾನೆ, ಅದೂ ದಯೆ ದಾಕ್ಷಿಣ್ಯ ಇಲ್ಲದೆ.

ಗೆರೆಯ ಬಗ್ಗೆ ನೀವು ಮಾತೇ ಆಡಿಲ್ಲ. ಮಕ್ಕಳು ಬರೆದ ಚಿತ್ರ, ಮೂತ್ರಾಲಯದ ಗೋಡೆಯ ಮೇಲಿನ ಗೀಚು ನೋಡಿ ತನ್ನ ಗೆರೆ ಕಲಿತದ್ದಾಗಿ ಅವನೇ ಹೇಳಿಕೊಂಡಿದ್ದಾನೆ. ಅದಕ್ಕೇ ಅದು ಅಷ್ಟು ತೆಳುವಾಗಿ, ಅಷ್ಟು ಒರಟಾಗಿ ಇರುವುದು. ನಯ ಮಾಡುವ ಗೊಡವೆಗೇ ಹೋಗುವುದಿಲ್ಲ. ಕೊಬ್ಬಿದ ಕತ್ತಿನ ಮಡಿಕೆಗೆ ಎರಡು ಗೀಟು ಸಾಕು. ಪಿಕಾಸೊಗೆ ಕೊಟ್ಟ ಜಾಗವನ್ನು ಇದಕ್ಕೆ ಕೊಡಿ. ಓದುವವರಿಗೆ ಗೊತ್ತಿಲ್ಲದ್ದು ಇರುವುದು ಇಲ್ಲಿ.

ಇನ್ನು ತಪ್ಪುಗಳು. ನೀವು ಹಿನ್ನೆಲೆಯಾಗಿ ಹೇಳಿದ ಹಾಗೆ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಜರ್ಮನ್ ಮಾರ್ಕ್ ಆಗಿದ್ದು 1923ರ ನವೆಂಬರ್‌ನಲ್ಲಿ. 1921ರಲ್ಲಿ ಪುಸ್ತಕದಲ್ಲಿ ಅಚ್ಚಾದ ಚಿತ್ರಕ್ಕೆ ಅದು ಹಿನ್ನೆಲೆ ಆಗಲಾರದು. ಸೇನೆಗೆ ಅವಮಾನ ಮಾಡಿದ್ದಕ್ಕೆ ಗ್ರೋಸ್ ಜೈಲಿಗೆ ಹೋದ ಅಂತಲೂ ಬರೆದಿದ್ದೀರಿ. ಹೋಗಲಿಲ್ಲ, 300 ಮಾರ್ಕ್ ದಂಡ ಕಟ್ಟಬೇಕಾಯಿತು. ಅದೂ ಈ ಚಿತ್ರಕ್ಕಲ್ಲ, 1920ರಲ್ಲಿ ಬರ್ಲಿನ್‌ನಲ್ಲಿ ದಾದಾ ಎಂಬ ಬಂಡಾಯ ಕಲಾ ಪಂಥದವರು ನಡೆಸಿದ ಮೇಳದಲ್ಲಿ ಇಟ್ಟಿದ್ದ ಬೇರೆ ಚಿತ್ರಗಳಿಗೆ. ಅವನ್ನು ಅಚ್ಚು ಹಾಕಿದ ಪ್ರಕಾಶಕ ಹರ್ಟ್ಸ್‌ಫೆಲ್ಡೆಗೆ 600. ಬರೆದವನಿಗಿಂತ ಪ್ರಕಟಿಸಿದವನಿಗೆ ಡಬಲ್! ಸಂಪಾದಕರ ಕುರ್ಚಿಯಲ್ಲಿ ಕೂತವರಿಗೆ ಇಂಥದ್ದು ಸ್ವಲ್ಪ ಜಾಸ್ತಿಯೇ ನೆನಪಿರುತ್ತದೆ.

ಕೊನೆಯ ಪ್ಯಾರಾದಲ್ಲಿ ಸುಮ್ನೆ ಇವತ್ತಿನ ಬೆಂಗಳೂರನ್ನು ಎಳೆದು ತಂದಿದ್ದೀರಿ. ಬೇಡ. ಹೋಲಿಸಬೇಕು ಅನ್ನಿಸಿದರೆ ಓದುವವರೇ ಹೋಲಿಸಿಕೊಳ್ಳುತ್ತಾರೆ.

ಎಂಟುನೂರು ಪದದೊಳಗೆ ಮುಗಿಸಿ. ಚಿತ್ರವನ್ನು ಲೇಖನದ ತಲೆಯ ಮೇಲೆಯೇ ಅಚ್ಚು ಹಾಕುತ್ತೇವೆ. ನಿಮ್ಮ ಮೊದಲ ಸಾಲಿಗೆ ಬರುವ ಮುಂಚೆಯೇ ಜನ ಅದನ್ನು ನೋಡಿರುತ್ತಾರೆ, ಹಾಗೆಂದುಕೊಂಡೇ ಬರೆಯಿರಿ.